ಮಾರ್ಸೆಲ್ಲಾಳ ಪ್ರಶ್ನೆಗಳು

ನಮಸ್ಕಾರ. ಸಭೆಯಲ್ಲಿ ಹೆಂಗಸರು ಸುಮ್ಮನಿರಬೇಕು ಅಂತ ಕ್ರೈಸ್ತ ಧರ್ಮದ ಆರಂಭಕಾಲದ ಬೋಧಕ ಪೌಲನ ಪತ್ರದಲ್ಲೇ ಇರುವಾಗ, ಆ ಕಾಲದ ಕ್ರೈಸ್ತ ಹೆಂಗಸರು ಶಾಸ್ತ್ರ, ಅಂದರೆ ಬೈಬಲು, ಕಲಿತಿದ್ದುಂಟಾ ಎಂದು ಕೇಳಿದ್ದೀರಿ. ಉಂಟು, ಕಲಿಸಿದ್ದೂ ಉಂಟು. ಬೈಬಲಿನಲ್ಲೇ ಪ್ರಿಸ್ಕಿಲ್ಲ ತನ್ನ ಗಂಡನ ಜೊತೆ ಸೇರಿ ಅಪೊಲ್ಲೋಸನಂಥ ಮಾತುಗಾರನಿಗೇ ತಿಳಿಹೇಳುತ್ತಾಳೆ.

ನನ್ನ ಮನಸ್ಸಿಗೆ ಹತ್ತಿರದವಳು ಮಾತ್ರ ರೋಮಿನ ಮಾರ್ಸೆಲ್ಲಾ. ಅವೆಂಟೈನ್ ಗುಡ್ಡದ ಮೇಲೆ ಆಕೆಯ ಮನೆ. ಮದುವೆಯಾಗಿ ಏಳನೇ ತಿಂಗಳಿಗೇ ಗಂಡ ತೀರಿಕೊಂಡ. ಮತ್ತೆ ಮದುವೆ ಬೇಡ ಎಂದು ಓದು, ಪ್ರಾರ್ಥನೆಗೆ ಕೂತಳು. ಕ್ರಿ.ಶ. 382ರಲ್ಲಿ, ಬೈಬಲನ್ನು ಲ್ಯಾಟಿನ್ನಿಗೆ ತಂದ ವಿದ್ವಾಂಸ ಜೆರೋಮ್ ರೋಮಿಗೆ ಬಂದಾಗ ಆತನನ್ನು ಬಿಡಲೇ ಇಲ್ಲ. ಸಿಕ್ಕಾಗಲೆಲ್ಲ ಶಾಸ್ತ್ರದ ಬಗ್ಗೆ ಏನಾದರೊಂದು ಪ್ರಶ್ನೆ. ಉತ್ತರ ಕೊಟ್ಟರೂ ತಕ್ಷಣ ಒಪ್ಪುತ್ತಿರಲಿಲ್ಲ, ವಾದಕ್ಕಿಳಿಯುತ್ತಿದ್ದಳು. ಇದನ್ನು ಬರೆದಿಟ್ಟವನು ಜೆರೋಮನೇ.

ಆತ ಊರು ಬಿಟ್ಟ ಮೇಲೆ, ಯಾವುದಾದರೂ ವಚನದ ಬಗ್ಗೆ ತಕರಾರು ಬಂದರೆ ಜನ ತೀರ್ಮಾನಕ್ಕೆ ಆಕೆಯ ಹತ್ತಿರ ಬರುತ್ತಿದ್ದರು. ಪಾದ್ರಿಗಳೂ ಕೇಳುತ್ತಿದ್ದರು. ಆದರೆ ತಾನೇ ಯೋಚಿಸಿದ ಉತ್ತರವನ್ನೂ ಆಕೆ 'ಇದು ಜೆರೋಮ್ ಹೇಳಿದ್ದು' ಅಥವಾ 'ಬೇರೊಬ್ಬರು ಹೇಳಿದ್ದು' ಎಂದೇ ಹೇಳುತ್ತಿದ್ದಳು. ಗಂಡಸರಿಗೆ ಅವಮಾನ ಆಗಬಾರದಲ್ವಾ, ಅದಕ್ಕೆ. ಆ ಭಾಗ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಕೆಯ ಗೆಳತಿ ಪೌಲಾ ಹೀಬ್ರೂ ಕಲಿತು, ಉಚ್ಚಾರಣೆಯಲ್ಲಿ ಲ್ಯಾಟಿನ್ ಛಾಯೆ ಒಂಚೂರೂ ಇಲ್ಲದೆ ಬೈಬಲಿನ ಕೀರ್ತನೆಗಳನ್ನು ಹಾಡುತ್ತಿದ್ದಳಂತೆ. ಇಬ್ಬರೂ ಸಿರಿವಂತ ಮನೆತನದವರು, ಅದನ್ನು ಮರೆಯಬಾರದು. ಬಡ ಹೆಂಗಸರಿಗೆ ಇಷ್ಟು ಪುಸ್ತಕ, ಬಿಡುವು ಎಲ್ಲಿಂದ ಬರಬೇಕು?

ಮಾರ್ಸೆಲ್ಲಾಗೆ ಜೆರೋಮ್ ಬರೆದ ಪತ್ರಗಳು ಇವತ್ತಿಗೂ ಓದಲು ಸಿಗುತ್ತವೆ. ಆಕೆ ಬರೆದ ಒಂದೂ ಉಳಿದಿಲ್ಲ.