ಪೆನ್ಸಿಲ್ಲಿನ ಪುಟ್ಟ ಸೊನ್ನೆ

ಮದ್ದೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕಾಗದ: ‘ಹೆಣ್ಣುಮಕ್ಕಳನ್ನು ಎಂಎ, ಬಿಇ ಅಂತ ಓದಿಸಿದೆವು. ಮೂವತ್ತಕ್ಕೆ ಮದುವೆ, ಒಂದು ಮಗು, ಅಲ್ಲಿಗೆ ಮುಗೀತು. ನಾನು ಪಾಠ ಹೇಳಿದ ಶಾಲೆಯಲ್ಲಿ ಈಗ ಹನ್ನೊಂದು ಮಕ್ಕಳು. ಓದೇ ಮನೆಗಳನ್ನು ಖಾಲಿ ಮಾಡಿತೇ?’

ಮೇಷ್ಟ್ರೇ, ನಿಮ್ಮ ಕೈಬರಹ ಎಷ್ಟು ಮುದ್ದಾಗಿದೆ! ಅದಕ್ಕೇ ಎರಡು ಸಲ ಓದಿದೆ. ಶಾಲೆಯ ಸಂಕಟ ನಿಜ. ದೊಡ್ಡ ತೊಟ್ಟಿಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಟೀವಿ ಮುಂದೆ ಕೂತಿರುವುದನ್ನು ನಾನೂ ಕಂಡಿದ್ದೇನೆ. ಅಷ್ಟಕ್ಕೆ ಹುಡುಗಿಯರ ಪುಸ್ತಕವನ್ನು ಬೈಯಬೇಡಿ.

ಓದಿಗೂ ಹೆರಿಗೆಗೂ ನಂಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶಾಲೆಯ ಮುಖ ನೋಡದ ಹೆಂಗಸರಿಗೆ ದೇಶದ ಸರಾಸರಿ 2.8 ಮಕ್ಕಳು, 12 ವರ್ಷವೋ ಜಾಸ್ತಿಯೋ ಓದಿದವರಿಗೆ 1.8. ಆದರೆ ಕರ್ನಾಟಕದ ಒಟ್ಟು ಸರಾಸರಿಯೇ 1.7. ನಿಮ್ಮೂರಲ್ಲೇ ನೋಡಿ, ಹೆಬ್ಬೆಟ್ಟು ಒತ್ತುವ ತಾಯಿಯೂ ಎರಡಕ್ಕೆ ಆಪರೇಷನ್ ಮಾಡಿಸಿಕೊಂಡಿರುತ್ತಾಳೆ. ಓದಿದವಳಿಗೆ ಸಿಕ್ಕಿದ್ದು ಬೇರೆ: ಯಾವಾಗ, ಎಷ್ಟು ಅಂತ ಬಾಯಿ ಬಿಟ್ಟು ಹೇಳುವ ಧೈರ್ಯ.

ನನ್ನ ಅಜ್ಜಿ ಶ್ರೀರಂಗಪಟ್ಟಣದ ಸೊಸೆ. ಹದಿನಾಲ್ಕಕ್ಕೆ ಮದುವೆ, ಹತ್ತು ಹೆರಿಗೆ, ಉಳಿದದ್ದು ಐದು. ಮಕ್ಕಳೆಷ್ಟು ಅಂದರೆ ಬೆರಳು ಮಡಚಿ ಎಣಿಸುತ್ತಿದ್ದಳು, ಹೋದವರನ್ನೂ ಸೇರಿಸಿ. ಅಮ್ಮ ಏಳನೇ ಕ್ಲಾಸು. ನಾವು ಮೂವರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅಮ್ಮ ಪೆನ್ಸಿಲ್ಲಿನಲ್ಲಿ ಪುಟ್ಟ ಸೊನ್ನೆ ಹಾಕುತ್ತಿದ್ದಳು, ತಿಂಗಳಿಗೊಂದು. ಅದೇನು ಅಂತ ನನಗೆ ತಿಳಿದದ್ದು ನನ್ನ ಮದುವೆ ಆದ ಮೇಲೆ! ಅಜ್ಜಿಗೆ ಕ್ಯಾಲೆಂಡರ್ ಓದಲು ಬರುತ್ತಿರಲಿಲ್ಲ.

ನಮ್ಮ ಮೈಸೂರಿಗಂತೂ ಇದು ಹೊಸ ಮಾತಲ್ಲ. ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು 1881ರಲ್ಲಿ. 1930ರಲ್ಲಿ ಮೈಸೂರು ಸರ್ಕಾರ ಗರ್ಭನಿರೋಧ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಸರ್ಕಾರವೇ ಇಂಥದ್ದಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಮೊದಲು ಶಾಲೆ, ಆಮೇಲೆ ಕ್ಲಿನಿಕ್.

ನನ್ನ ಸಿಟ್ಟಿರುವುದು ಬೇರೆ ಕಡೆ. ಅದೇ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 49 ವರ್ಷದೊಳಗಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಆದವರು. ಗಂಡಸರ ಆಪರೇಷನ್? ಸೊನ್ನೆ ಅಂದರೂ ನಡೆಯುತ್ತದೆ. ಅದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ, ಅದೇ ದಿನ ಮನೆಗೆ ಬರಬಹುದು. ಆದರೂ ನನ್ನ ತಂಗಿಯ ಅತ್ತೆ, ‘ಅವನು ಭಾರ ಎತ್ತೋನು ಕಣಮ್ಮ’ ಅಂದರು. ತಂಗಿಯ ಗಂಡ ಬ್ಯಾಂಕಿನಲ್ಲಿ ಕ್ಲರ್ಕು. ಎತ್ತುವುದು ಪೆನ್ನು. ಕಾಲೇಜಿನಲ್ಲಿ ಪಾಠ ಮಾಡುವ ತಂಗಿಯೇ ಹೋಗಿ ಮಲಗಿದಳು. ಫಾರ್ಮಿಗೆ ಯಜಮಾನರ ಸಹಿ ಬೇಕು ಅಂತ ಆಸ್ಪತ್ರೆಯ ಗುಮಾಸ್ತ ಎರಡು ಸಲ ವಾಪಸ್ ಕಳಿಸಿದ್ದ.

ಒಂದೇ ಮಗು ಸಾಕು ಅನ್ನುವ ಮನೆಗಳಲ್ಲಿ ಇನ್ನೊಂದು ಹಟ ಸದ್ದಿಲ್ಲದೆ ಕೂತಿದೆ: ಆ ಒಂದು ಗಂಡೇ ಆಗಲಿ ಅಂತ. 2023ರಲ್ಲಿ ನಿಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಬೆಲ್ಲದ ಬದಲು ಏನು ನಡೆಯುತ್ತಿತ್ತು, ಮರೆತಿಲ್ಲ ತಾನೇ? ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣ ಹೆಣ್ಣೋ ಗಂಡೋ ಅಂತ ಹೇಳುತ್ತಿದ್ದರು. ಶಾಲೆ ಖಾಲಿಯಾಗುವುದಕ್ಕೆ ಇಂಥ ದಾರಿಯೂ ಇದೆ ಮೇಷ್ಟ್ರೇ. ನೀವು ಅದರ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ.

ಅಂದಹಾಗೆ, ನಿಮ್ಮ ಶಾಲೆಯ ಆ ಹನ್ನೊಂದರಲ್ಲಿ ಹುಡುಗಿಯರೆಷ್ಟು? ಮುಂದಿನ ಕಾಗದದಲ್ಲಿ ತಪ್ಪದೆ ತಿಳಿಸಿ.

– ಸಂ.