ಮೊದಲು ಕಿವಿ ಪರೀಕ್ಷೆ ಮಾಡಿಸಿ, ಇಬ್ಬರೂ ಒಟ್ಟಿಗೆ ಹೋಗಿ

ಪ್ರಶ್ನೆ: ನನಗೆ 27 ವರ್ಷ. ಹಾಸನದ ಹತ್ತಿರ ಒಂದು ಹಳ್ಳಿ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಒಂದೂವರೆ ವರ್ಷಕ್ಕೆ 'ಅಪ್ಪ', 'ಬುವ್ವ', 'ಅಂಬಾ' ಅನ್ನುತ್ತಿದ್ದ. ಈಗ ಒಂದು ಮಾತೂ ಇಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಬಿಸ್ಕೆಟ್ ಪ್ಯಾಕೆಟ್ ಸದ್ದಾದರೆ ಮಾತ್ರ ಓಡಿ ಬರುತ್ತಾನೆ. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಾ ಗಂಟೆಗಟ್ಟಲೆ ಕೂರುತ್ತಾನೆ. 'ಇವನಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು' ಅನ್ನುತ್ತಾರೆ ಅತ್ತೆ. ನಾದಿನಿಗೆ ಗಂಡು ನೋಡುತ್ತಿದ್ದಾರೆ. ಮದುವೆ ಮುಗಿಯುವ ತನಕ ಆಸ್ಪತ್ರೆ ಮಾತು ಎತ್ತಬೇಡ ಅಂತ ಯಜಮಾನರ ಸಿಟ್ಟು. ಮೊಬೈಲ್ ಕೊಟ್ಟು ನಾನೇ ಮಗುವನ್ನು ಕೆಡಿಸಿದೆ ಅಂತ ಎಲ್ಲರೂ ದೂರುತ್ತಾರೆ. ತವರಿಗೆ ಹೋಗುವ ನೆಪ ಹೇಳಿ, ಯಾರಿಗೂ ತಿಳಿಯದಂತೆ ಡಾಕ್ಟರಿಗೆ ತೋರಿಸಲೇ? ಇದು ಆಟಿಸಂ ಇರಬಹುದಾ?

ಉತ್ತರ: ಇರಬಹುದು. ಇಲ್ಲದೆಯೂ ಇರಬಹುದು. ಆಟಿಸಂ ಅಂದರೆ ಮಿದುಳು ಬೇರೆ ರೀತಿ ಬೆಳೆಯುವುದರಿಂದ ಮಗುವಿನ ಮಾತು, ಜನರ ಜೊತೆ ಬೆರೆಯುವುದು ಬೇರೆ ಥರ ಆಗುವುದು. ಕಾಗದ ಓದಿ ಅದು ಇದೆಯೋ ಇಲ್ಲವೋ ಹೇಳುವುದು ತಪ್ಪು. ಆದರೆ ಒಂದು ಮಾತು ಖಚಿತವಾಗಿ ಹೇಳುತ್ತೇನೆ, ಮದುವೆ ಮುಗಿಯುವ ತನಕ ಕಾಯಬೇಡಿ. ಬಂದ ಮಾತು ಹೋಯಿತು ಅಂದರೆ, ಯಾವ ವಯಸ್ಸಿನಲ್ಲೇ ಆಗಲಿ, ತಡಮಾಡದೆ ತೋರಿಸಬೇಕು.

ನಿಮ್ಮ ಅತ್ತೆ ಸುಳ್ಳು ಹೇಳುತ್ತಿಲ್ಲ. ತಡವಾಗಿ ಮಾತು ಕಲಿತು ಆಮೇಲೆ ಚೆನ್ನಾಗಿ ಬೆಳೆದ ಮಕ್ಕಳು ಎಷ್ಟೋ ಇದ್ದಾರೆ. ಬಿಡುವಾಗಿದ್ದಾಗ ಅವರ ಪಕ್ಕ ಕೂತು ಕೇಳಿ: 'ಅತ್ತೆ, ತುತ್ತು ತಿನ್ನಿಸುವಾಗ ಚಂದಮಾಮನನ್ನು ತೋರಿಸಿದರೆ ಇವರು ಮೇಲೆ ನೋಡ್ತಿದ್ರಾ? ಬೀದಿಯಲ್ಲಿ ನಾಯಿ ಹೋದರೆ ಬೆರಳು ತೋರಿಸಿ, ತಿರುಗಿ ನಿಮ್ಮ ಮುಖ ನೋಡ್ತಿದ್ರಾ?' ಮಾತಿಗಿಂತ ಮೊದಲು ಬರುವುದು ಇದೇ. ತಾನು ಕಂಡಿದ್ದನ್ನು ಅಮ್ಮನೂ ನೋಡಲಿ ಅನ್ನುವ ಆಸೆ. ಸಾಮಾನ್ಯವಾಗಿ ಒಂದು, ಒಂದೂಕಾಲು ವರ್ಷಕ್ಕೆ ಮಕ್ಕಳು ಹೀಗೆ ಬೆರಳು ತೋರಿಸುತ್ತಾರೆ. ಬರೀ ಮಾತು ತಡವಾದ ಮಗು ಬೆರಳಲ್ಲಿ, ಕಣ್ಣಲ್ಲಿ, ಸನ್ನೆಯಲ್ಲಿ ಹೇಳುತ್ತಲೇ ಇರುತ್ತದೆ. ನಿಮ್ಮ ಮಗ ಇದನ್ನು ಮಾಡುತ್ತಾನಾ? ನಾಲ್ಕು ದಿನ ಗಮನವಿಟ್ಟು ನೋಡಿ, ಬರೆದಿಡಿ.

ಮೊಬೈಲಿನ ಮಾತು. ನಿಮ್ಮ ಎದೆ ಮೇಲಿನ ಈ ಭಾರ ಇಳಿಯಲೇಬೇಕು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ ಇಂಥ 11 ಮಕ್ಕಳ ಬಗ್ಗೆ ಬರೆದರು. ಆಮೇಲೆ ಎಷ್ಟೋ ವರ್ಷ ಅಲ್ಲಿನ ಪಂಡಿತರೂ ತಾಯಂದಿರನ್ನೇ ದೂರಿದರು. ಪ್ರೀತಿ ಇಲ್ಲದ ತಾಯಿಯಿಂದ ಮಗು ಹೀಗಾಯಿತು ಅಂದರು. ಆ ಮಾತನ್ನು ಎದುರಿಸಿದವರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. ಅವರೂ ಆಟಿಸಂ ಇದ್ದ ಮಗನ ಅಪ್ಪ. ಇದು ಮಿದುಳು ಬೆಳೆಯುವ ರೀತಿಗೆ ಸೇರಿದ್ದು, ಸಾಕಿದ ರೀತಿಗಲ್ಲ ಅಂತ 1964ರಲ್ಲೇ ವಾದಿಸಿದರು. ಇವತ್ತು ವೈದ್ಯರು ಒಪ್ಪುವುದೂ ಅದನ್ನೇ. ಹಾಗಾಗಿ ನೀವು ಏನನ್ನೂ ಕೆಡಿಸಿಲ್ಲ. ಮೊಬೈಲ್ ಕಡಿಮೆ ಮಾಡಿ, ನಿಜ. ಅದು ಮುಖ ನೋಡಿ ಆಡುವ ಹೊತ್ತನ್ನು ತಿನ್ನುತ್ತದೆ ಅಂತ ಕಡಿಮೆ ಮಾಡಿ, ತಪ್ಪಿಗೆ ದಂಡ ಅಂತ ಅಲ್ಲ.

ಇನ್ನು ಕದ್ದು ಹೋಗುವ ವಿಷಯ. ಒಂದು ದಿನದ ಪರೀಕ್ಷೆಗೆ ಕದ್ದು ಹೋಗಬಹುದು. ಆದರೆ ಆಟಿಸಂ ಅಂತಾದರೆ ತರಬೇತಿ ವರ್ಷಗಟ್ಟಲೆ ನಡೆಯಬೇಕು, ಜಾಸ್ತಿ ನಿಮ್ಮ ಮನೆಯಲ್ಲೇ. ಅದಕ್ಕೆ ಅಪ್ಪನೂ ಬೇಕು, ಅಜ್ಜಿಯೂ ಬೇಕು. ಯಜಮಾನರ ಸಿಟ್ಟಿನ ಕೆಳಗೆ ಹೆದರಿಕೆ ಇದೆ ಅಂತ ನನಗೆ ಅನ್ನಿಸುತ್ತದೆ. ಅವರ ಹತ್ತಿರ ಆಟಿಸಂ ಅನ್ನುವ ಪದವನ್ನೇ ಈಗ ತರಬೇಡಿ. 'ಕರೆದರೆ ತಿರುಗಲ್ಲ, ಕಿವಿ ತೋರಿಸಿಕೊಂಡು ಬರೋಣ' ಅನ್ನಿ. ಇದು ನೆಪವಲ್ಲ. ಮಾತು ಬರದ ಯಾವ ಮಗುವಿಗೂ ಮೊದಲು ಮಾಡಬೇಕಾದ್ದೇ ಕಿವಿ ಪರೀಕ್ಷೆ. ಪ್ಯಾಕೆಟ್ ಸದ್ದು ಕೇಳಿತು ಅಂದ ಮಾತ್ರಕ್ಕೆ ಮಾತಿನ ಸದ್ದೆಲ್ಲ ಕೇಳುತ್ತದೆ ಅಂತಲ್ಲ. ಬೆರಾ ಅನ್ನುವ ಕಿವಿ ಪರೀಕ್ಷೆಯನ್ನು ಮಗು ಮಲಗಿರುವಾಗ ಮಾಡುತ್ತಾರೆ, ನೋವಿಲ್ಲ. ಅಲ್ಲಿ ವೈದ್ಯರು ಮುಂದಿನದನ್ನು ಹೇಳಿದಾಗ ಯಜಮಾನರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಅಲ್ವಾ? ಅದು ಬಹಳ ದೊಡ್ಡದು. ಇಷ್ಟು ಹೇಳಿಯೂ ಅವರು ಒಂದು ತಿಂಗಳಲ್ಲಿ ಹೊರಡದಿದ್ದರೆ, ಹೇಳಿಯೇ ನೀವು ತಾಯಿಯನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ.

ನಿಮಗೆ ಮೈಸೂರು ಅನುಕೂಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಕಿವಿ, ಮಾತು, ಮನಸ್ಸಿನ ಬೆಳವಣಿಗೆ ಮೂರನ್ನೂ ಅಲ್ಲೇ ನೋಡುತ್ತಾರೆ. ತಾಯಿಯನ್ನೂ ಜೊತೆಗೆ ಕೂರಿಸಿಕೊಂಡು ಕಲಿಸುವ ಮಕ್ಕಳ ಶಾಲೆಯೂ ಇದೆ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಆಟಿಸಂ ಪತ್ತೆಗೆ ರಕ್ತ ಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಮಗು ಆಡುವುದನ್ನು ನೋಡುತ್ತಾರೆ, ನಿಮ್ಮನ್ನು ತುಂಬಾ ಪ್ರಶ್ನೆ ಕೇಳುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, ನಿಮ್ಮ ಮಗ ಇನ್ನೂ ಆ ವಯಸ್ಸಿನೊಳಗೇ ಇದ್ದಾನೆ. ಅದರಲ್ಲಿ ಅಂಕ ಜಾಸ್ತಿ ಬಂದರೂ ಅದೇ ತೀರ್ಪಲ್ಲ, ಮುಂದೆ ವಿವರವಾಗಿ ನೋಡಬೇಕು ಅಂತ ಅಷ್ಟೇ. ಸ್ಟೆಮ್ ಸೆಲ್ (ಮೂಲಕೋಶ) ಚಿಕಿತ್ಸೆಯಿಂದ ಪೂರ್ತಿ ವಾಸಿ ಮಾಡುತ್ತೇವೆ ಅಂತ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಅಂಗವಿಕಲತೆಯ ಸರ್ಟಿಫಿಕೇಟ್, ವಿಮೆಗಳ ಯೋಚನೆ ಈಗ ಬೇಡ. ಅಂಗವಿಕಲರ ಹಕ್ಕುಗಳ 2016ರ ಕಾನೂನಿನಲ್ಲಿ ಆಟಿಸಂ ಸೇರಿದೆ, ಬೇಕಾದಾಗ ಮಾಡಿಸಬಹುದು. ನೀವು ಕೇಳದೆ ಯಾರೂ ಅದನ್ನು ಹಣೆಗೆ ಅಂಟಿಸುವುದಿಲ್ಲ ಅಂತ ಯಜಮಾನರಿಗೂ ತಿಳಿಸಿ.

ಆಟ ಮಾತ್ರ ಇವತ್ತೇ ಶುರುಮಾಡಿ. ಅದಕ್ಕೆ ಯಾವ ಚೀಟಿಯೂ ಬೇಡ. ಅವನು ಮುಚ್ಚಳ ಜೋಡಿಸುವಾಗ ಕಿತ್ತುಕೊಳ್ಳಬೇಡಿ. ಎದುರಿಗೆ ನೆಲದ ಮೇಲೆ ಕೂತು ಒಂದೊಂದೇ ಮುಚ್ಚಳ ಕೈಗೆ ಕೊಡಿ. ಕೊಡುವ ಮುಂಚೆ ನಿಮ್ಮ ಕಣ್ಣ ಹತ್ತಿರ ಹಿಡಿದು, 'ತಗೋ' ಅಂತ ಒಂದೇ ಮಾತು ಹೇಳಿ, ಮನಸ್ಸಲ್ಲೇ ಐದು ಎಣಿಸುತ್ತಾ ಕಾಯಿರಿ. ನೋಡಿದನಾ? ಕೊಡಿ. ನೋಡಲಿಲ್ಲವಾ? ಆದರೂ ಕೊಡಿ, ಅಳಿಸಬೇಡಿ. ಅವನು ಕೈ ಬಡಿದರೆ ನೀವೂ ಬಡಿಯಿರಿ. ನೀರು, ಊಟ, ಸ್ನಾನ ಎಲ್ಲದರಲ್ಲೂ ಹೀಗೇ. ಕನ್ನಡದಲ್ಲೇ ಮಾತಾಡಿ, ನಿಮ್ಮ ಮನೆಯ ಕನ್ನಡದಲ್ಲೇ. ಅಜ್ಜಿಯನ್ನೂ ಒಂದು ಹೊತ್ತು ಕೂರಿಸಿ, ಸುಮ್ನೆ ಆಟ ಅಂತ. ಎರಡೇ ವಾರದಲ್ಲಿ ಮಾತು ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಮೊದಲು ಒಂದು ನೋಟ ಸಿಗಲಿ.

ಹೊರಡುವ ಮುಂಚೆ ಅವನು ಆಡುವುದನ್ನು, ನೀವು ಕರೆದಾಗ ಇರುವ ರೀತಿಯನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮಕ್ಕಳು ಬೇರೆಯೇ ಆಗಿರುತ್ತಾರೆ, ವೈದ್ಯರಿಗೆ ಇದು ತುಂಬಾ ಉಪಯೋಗ. ಆ ಬಾಟಲಿ ಮುಚ್ಚಳಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಸರದಿಗೆ ಕಾಯುವಾಗ ಅವನಿಗೆ ಬೇಕಾಗುತ್ತವೆ.