ಹೊಲಿಗೆ ಪ್ರಶ್ನೋತ್ತರ: ಗೊಂಬೆಗೆ ಹದಿನೆಂಟು ಮೊಳದ ಸೀರೆ

ಪ್ರಶ್ನೆ: ನನ್ನ ಸಂಗ್ರಹದಲ್ಲಿರುವ 11.5 ಅಂಗುಲದ ಗೊಂಬೆಗೆ ಕಿತ್ತೂರು ಚೆನ್ನಮ್ಮನ ಕಾಲದ ಉಡುಗೆ ಹೊಲಿಯುತ್ತಿದ್ದೇನೆ. ಇಳಕಲ್ ಸೀರೆಯ ತುಂಡು ಉಡಿಸಿದರೆ ಗೊಂಬೆ ಕೌದಿ ಹೊದ್ದಂತೆ ಕಾಣುತ್ತದೆ. ಏನು ಮಾಡಲಿ?
— ಓದುಗರು, ಧಾರವಾಡ

ಉತ್ತರ: ನಿಮ್ಮ ಗೊಂಬೆ ಆಳಿನ ಆರನೇ ಒಂದು ಭಾಗದ ಅಳತೆಯದು. ಹದಿನೆಂಟು ಮೊಳದ ಸೀರೆ, ಎಂದರೆ 324 ಅಂಗುಲ, ಅದಕ್ಕೆ 54 ಅಂಗುಲವಾಗುತ್ತದೆ; 48 ಅಂಗುಲದ ಪನ್ನ, ಎಂದರೆ ಅಗಲ, 8 ಅಂಗುಲಕ್ಕೆ ಇಳಿಯುತ್ತದೆ. ಆದರೆ ಬಟ್ಟೆಯ ದಪ್ಪ ಮಾತ್ರ ಆರನೇ ಒಂದಕ್ಕೆ ಇಳಿಯುವುದಿಲ್ಲವಾದ್ದರಿಂದ ನಿರಿಗೆಗಳೆಲ್ಲ ಸೊಂಟದಲ್ಲಿ ಗುಡ್ಡೆಯಾಗುತ್ತವೆ. 36 ಅಂಗುಲ ಉದ್ದ ಸಾಕು. ಒಳಗೆ ಸಿಕ್ಕಿಸುವ, ಕಣ್ಣಿಗೆ ಬೀಳದ ಭಾಗವನ್ನು ಧೈರ್ಯವಾಗಿ ಕತ್ತರಿಸಿ ತೆಗೆಯಿರಿ. ನಿಜವಾದ ಸೀರೆಯ 4 ಅಂಗುಲದ ಅಂಚು ಗೊಂಬೆಯ ಮೊಣಕಾಲನ್ನೇ ದಾಟುತ್ತದೆ. ಅದಕ್ಕೆ ಬೇಕಾದದ್ದು ಮುಕ್ಕಾಲು ಅಂಗುಲಕ್ಕಿಂತ ಕಡಿಮೆ ಅಗಲದ ಅಂಚು; ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರದ ಅಂಚನ್ನು ನೋಡಿ, ಬಟ್ಟೆಯೂ ಅಂಚೂ ಒಟ್ಟಿಗೇ ಸಿಗುತ್ತವೆ. ಮನೆಯ ಹಿರಿಯರನ್ನು ಕೇಳಿಯೇ ಕತ್ತರಿ ಹಾಕಿ.

ಇನ್ನು ಕಾಲದ ವಿಷಯ. ಚೆನ್ನಮ್ಮ 1829ರಲ್ಲಿ ತೀರಿಕೊಂಡರು. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆದ್ದರಿಂದ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಪ್ರತಿಮೆಯನ್ನು ಉಡುಗೆಯ ದಾಖಲೆಯೆಂದು ನೋಡಬೇಡಿ, ಅದು ಶಿಲ್ಪಿಯ ಕಲ್ಪನೆ. ಇಂಥಲ್ಲಿ ನಮಗೆ ಗಟ್ಟಿಯಾಗಿ ತಿಳಿದಿರುವುದು ಆ ಕಾಲದಲ್ಲಿ ಏನೇನು ಇರಲಿಲ್ಲ ಎಂಬುದು. ಮೊದಲ ರಾಸಾಯನಿಕ ಬಣ್ಣ ಬಂದದ್ದು 1856ರಲ್ಲಿ. ಅದಕ್ಕೆ ಮೊದಲು ನೀಲಿ ಗಿಡದ ನೀಲಿ, ಬೇರುಗಳಿಂದ ತೆಗೆದ ಕೆಂಪು ಮೊದಲಾದವೇ ಇದ್ದುದರಿಂದ, ಕಣ್ಣು ಕುಕ್ಕುವ ನೇರಳೆ, ಗುಲಾಬಿಗಳನ್ನು ಬದಿಗಿಡಿ. ಹೊಳೆಯುವ ಕೃತಕ ರೇಷ್ಮೆಯೂ ಆಗ ಇರಲಿಲ್ಲ. ಕುಪ್ಪಸಕ್ಕೆ ಟಿಚ್ ಗುಂಡಿ ಹಚ್ಚುವುದೂ ಬೇಡ. ನಮ್ಮ ಕಡೆಯ ಅಜ್ಜಿಯರಂತೆ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿದರೆ ಕಾಲಕ್ಕೂ ಒಪ್ಪುತ್ತದೆ, ತೊಡಿಸಿ ತೆಗೆಯುವುದೂ ಸುಲಭ. ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣ ಚಂದವೇ, ಆದರೆ ಅತಿ ಸಣ್ಣ ಬುಟ್ಟಾ ಇರುವುದನ್ನೇ ಆರಿಸಿ. ಹೊಲಿಗೆಯನ್ನು ಕೈಯಿಂದಲೇ ಹಾಕಿ.

ಪ್ರಶ್ನೆ: ಗೊಂಬೆಯ ಸೆರಗಿಗೆ ಕಸೂತಿ ಹಾಕಬಹುದೇ? ಗೋಪುರ ಹಾಕಲು ಹೋಗಿ ಸೋತೆ.
— ಓದುಗರು, ಬೆಟಗೇರಿ

ಉತ್ತರ: ಗೋಪುರವನ್ನು ಬಿಟ್ಟುಬಿಡಿ; ಅದು ಕುಗ್ಗಿದರೆ ಬರಿಯ ಕಲೆಯಂತೆ ಕಾಣುತ್ತದೆ. ಕಸೂತಿಯಲ್ಲಿ ಎಳೆಗಳನ್ನು ಎಣಿಸಿಯೇ ಹೊಲಿಯುವುದರಿಂದ ಚಿತ್ರದ ಗಾತ್ರವನ್ನು ಬಟ್ಟೆಯೇ ನಿರ್ಧರಿಸುತ್ತದೆ. ಅಂಗುಲಕ್ಕೆ 60 ಎಳೆಗಳಿರುವ ಬಟ್ಟೆಯಲ್ಲಿ 3 ಎಳೆಗೊಂದು ಹೊಲಿಗೆ ಹಾಕಿದರೆ, 10 ಹೊಲಿಗೆ ಅಗಲದ ಚಿಕ್ಕ ನಕ್ಷತ್ರ ಅರ್ಧ ಅಂಗುಲದಲ್ಲಿ ಕೂರುತ್ತದೆ. ಆರೆಳೆಯ ದಾರದಿಂದ ಒಂದೇ ಎಳೆಯನ್ನು ಬಿಡಿಸಿಕೊಳ್ಳಿ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಮಗ್ಗಲು ಒಂದೇ ತೆರನಾಗಿ ಕಾಣುವುದರಿಂದ ಸೆರಗು ಮಗುಚಿದರೂ ಚಿಂತೆಯಿಲ್ಲ. ಮೆಂತೆ ಹೊಲಿಗೆ ದಪ್ಪವಾಗಿ ಬಟ್ಟೆಯನ್ನು ಬಿಗಿಯುತ್ತದೆ. ದಾರಕ್ಕೆ ಗಂಟು ಹಾಕಬೇಡಿ, ಕಸೂತಿಗೆ ಅದು ಮೊದಲೇ ಸಲ್ಲದು, ಗೊಂಬೆಯ ಮೇಲಂತೂ ಕಡಲೆಯಷ್ಟು ಎದ್ದು ಕಾಣುತ್ತದೆ.

ಪ್ರಶ್ನೆ: ಕಪ್ಪು ಚಂದ್ರಕಾಳಿ ಸೀರೆ ಉಡಿಸಿದ್ದ ಗೊಂಬೆಯ ಕಾಲಿಗೆ ಬಣ್ಣ ಹತ್ತಿದೆ. ಸೋಪು ಹಾಕಿದರೂ ಹೋಗುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಬಣ್ಣ ವಿನೈಲ್‌ನ ಒಳಕ್ಕೆ ಇಳಿದಿರುವುದರಿಂದ ಉಜ್ಜಿ ಫಲವಿಲ್ಲ. ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನು ಕಲೆಯ ಮೇಲಷ್ಟೇ ಹಚ್ಚಿ, ತೆಳು ಪ್ಲಾಸ್ಟಿಕ್ ಸುತ್ತಿ ಬಿಸಿಲಿನಲ್ಲಿಡಿ. ಕೆಲವು ದಿನ ಹೀಗೆ ಮಾಡಬೇಕಾದೀತು. ಮುಖದ ಬಣ್ಣಕ್ಕೆ ಅದು ತಾಗಬಾರದು. ಹೆಚ್ಚು ದಿನ ಇಟ್ಟರೆ ವಿನೈಲೂ ಬಿಳಿಚುವುದರಿಂದ ದಿನವೂ ಒರೆಸಿ ನೋಡಿ. ಮುಂದೆ ಗಾಢ ಬಣ್ಣದ ಬಟ್ಟೆಯನ್ನು, ನೀರು ತಿಳಿಯಾಗುವವರೆಗೆ ತೊಳೆದ ಮೇಲೆಯೇ ಹೊಲಿಯಿರಿ, ಒಳಗೆ ಬಿಳಿಯ ಲಂಗ ತೊಡಿಸಿ, ಪೆಟ್ಟಿಗೆಯಲ್ಲಿಡುವಾಗ ಸೀರೆಯನ್ನು ಬಿಚ್ಚಿಡಿ.

ಪ್ರಶ್ನೆ: ಗೊಂಬೆಗೆ ಬೋರಮಾಳ ಮಾಡಲು ಎಷ್ಟು ದೊಡ್ಡ ಮಣಿ ಬೇಕು?
— ಓದುಗರು, ಗದಗ

ಉತ್ತರ: ಸಾಸಿವೆಯಷ್ಟು. ಬಂಗಾರದ ಬಣ್ಣದ, ಒಂದೂವರೆಯಿಂದ ಎರಡು ಮಿಲಿಮೀಟರಿನ ಗಾಜಿನ ಮಣಿಗಳನ್ನು ಹೊಲಿಗೆಯ ದಾರದಲ್ಲಿಯೇ ಪೋಣಿಸಿ. ತಂತಿಯಲ್ಲಿ ಪೋಣಿಸಿದ ಸರ ಎದೆಯ ಮೇಲೆ ಇಳಿಯದೆ ನೆಟ್ಟಗೆ ನಿಲ್ಲುತ್ತದೆ.